ಯಜಮಾನರ ಧ್ಯಾನ, ಮಗಳ ವೀಳ್ಯ

ಮನೆಯಲ್ಲಿ ಒಬ್ಬರು ಶಾಂತರಾಗಲು ಹೊರಟರೆ ಉಳಿದವರ ಶಾಂತಿ ಹೋಗುತ್ತದೆ. ಇದನ್ನು ನಾನು ಯಾವ ಪುರಾಣದಿಂದಲೂ ಕಲಿಯಲಿಲ್ಲ, ನಮ್ಮ ಯಜಮಾನರಿಂದ ಕಲಿತೆ.

ಮದ್ದೂರಿನ ಪಕ್ಕದ ಹಳ್ಳಿಯಲ್ಲಿ ನಮ್ಮದೊಂದು ಆಲೆಮನೆ. ನಮ್ಮ ಬೆಲ್ಲದ ಹೆಸರು ಮಂಡ್ಯದವರೆಗೆ ಹೋಗಿತ್ತು, ಯಜಮಾನರ ಕೋಪದ ಹೆಸರು ಅದಕ್ಕಿಂತ ಆಚೆಗೆ. ಮಗಳನ್ನು ನೋಡಲು ಬಂದವರೊಬ್ಬರು "ಬೆಲ್ಲ ವಸಿ ಕಪ್ಪಗದೆ" ಅಂದರು. ಇವರು ಎದ್ದು ಬಾಗಿಲು ತೋರಿಸಿದರು. ಆಮೇಲೆ ಬಂದವರು ಏನೂ ಅನ್ನಲಿಲ್ಲ, ಬೆಲ್ಲದ ಚೂರನ್ನು ಬೆಳಕಿಗೆ ಹಿಡಿದು ನೋಡಿದರು, ಅಷ್ಟೇ. ಅವರಿಗೂ ಅದೇ ಬಾಗಿಲು. ಇನ್ನೊಂದು ಸಂಬಂಧ ಹೀಗೆ ಮುರಿದರೆ ನಮ್ಮ ಮನೆ ಹೊಸಲು ಯಾರೂ ತುಳಿಯುವುದಿಲ್ಲವೆಂದು ನನಗೆ ಹೆದರಿಕೆ ಹತ್ತಿತು. ವೈದ್ಯನಾಥಪುರದಲ್ಲಿ ಒಬ್ಬ ಸನ್ಯಾಸಿ ಬಂದಿದ್ದಾರೆ, ಕೋಪಕ್ಕೆ ಧ್ಯಾನ ಹೇಳಿಕೊಡುತ್ತಾರೆ ಅಂತ ಕೇಳಿ, ಇವರನ್ನು ಎಳೆದುಕೊಂಡು ಹೋದೆ.

ಕಟ್ಟಿರುವೆ

ಹೊಳೆ ದಂಡೆಯ ಮರದಡಿ ಸನ್ಯಾಸಿಗಳು ಇವರನ್ನು ಎದುರಿಗೆ ಕೂರಿಸಿಕೊಂಡರು.

"ಕಣ್ಣು ಮುಚ್ಚಪ್ಪ. ಇರೋದನ್ನ ಇದ್ದ ಹಾಗೆ ನೋಡು. ಒಳ್ಳೇದು ಅನ್ಬೇಡ, ಕೆಟ್ಟದ್ದು ಅನ್ಬೇಡ."

ಸ್ವಲ್ಪ ಹೊತ್ತಿಗೆ ಇವರು ಮೆಲ್ಲಗೆ, "ಸ್ವಾಮೀ, ಇರುವೆ ಕಚ್ತಾ ಅದೆ" ಅಂದರು.

"ಕಚ್ಚೋದನ್ನೂ ನೋಡು. ಅಲ್ಲಾಡಬೇಡ."

ಇವರು ಹಲ್ಲು ಕಚ್ಚಿಕೊಂಡು ಕೂತರು. ಅಷ್ಟರಲ್ಲಿ ಸನ್ಯಾಸಿಗಳೇ ಅಯ್ಯಯ್ಯಪ್ಪ ಎನ್ನುತ್ತಾ ಮೇಲೆದ್ದು, ಕಾವಿ ಕೊಡವುತ್ತಾ ಕುಣಿಯತೊಡಗಿದರು. ಇವರು ಒಂದು ಕಣ್ಣು ತೆರೆದು, "ಇದೇನ್ ಸ್ವಾಮಿ?" ಅಂದರು.

"ಇರುವೆ ಕಚ್ಚಿದ್ದೂ ನಿಜ, ನಾನು ಎದ್ದಿದ್ದೂ ನಿಜ. ಎರಡನ್ನೂ ಇದ್ದ ಹಾಗೆ ನೋಡು" ಅಂದರು ಸನ್ಯಾಸಿಗಳು.

ಇವರು ಪಾಠದ ಮೊದಲರ್ಧವನ್ನು ಮಾತ್ರ ಮನೆಗೆ ತಂದರು.

ಕೊಪ್ಪರಿಗೆ

ಮಾರನೆಯ ದಿನದಿಂದ ಆಲೆಮನೆಯಲ್ಲಿ ಒಲೆ ಪಕ್ಕದಲ್ಲೇ ಧ್ಯಾನ. ಇವರು ಹೂಂ ಅನ್ನದೆ ಯಾರೂ ಕೊಪ್ಪರಿಗೆ ಇಳಿಸುವಂತಿರಲಿಲ್ಲ, ಅದು ನಮ್ಮಲ್ಲಿ ಮೊದಲಿನಿಂದಲೂ ಇದ್ದ ಕಟ್ಟಳೆ. ನಾನು ಬುತ್ತಿ ತೆಗೆದುಕೊಂಡು ಹೋದಾಗ ಆಳು ಇವರ ಕಿವಿಯ ಹತ್ತಿರ ಬಗ್ಗಿ ಅಂಗಲಾಚುತ್ತಿದ್ದ.

"ಅಣ್ಣೋ, ಪಾಕ ಸೀಯ್ತಾ ಅದೆ. ಇಳಿಸ್ಲಾ?"

"ಸೀಯದ್ನ ನೋಡ್ಲಾ. ಕೆಟ್ಟದ್ದು ಅನ್‌ಬ್ಯಾಡ."

ಪಾಪ, ಅವನೂ ಪಕ್ಕದಲ್ಲಿ ಕೂತು ನೋಡಿದ. ನಾನು ಬುತ್ತಿ ಕೆಳಗಿಟ್ಟು ಕೂಗಾಡಿ ಇಳಿಸುವ ಹೊತ್ತಿಗೆ ಹೊಗೆ ಊರಿಗೆಲ್ಲ ಹಬ್ಬಿತ್ತು. ಅವತ್ತಿನ ಬೆಲ್ಲ ಕಪ್ಪಗಿದೆ ಅನ್ನಲು ಬೀಗರು ಬರಬೇಕಾಗಿರಲಿಲ್ಲ.

ಇದ್ದಲ ಬಸ್ಸು

ಕಿರುಗಾವಲಿನ ಒಂದು ಸಂಬಂಧ ಬಂತು. ಮಾತನಾಡಲು ಮಳವಳ್ಳಿಯ ನೆಂಟರ ಮನೆಗೆ ಹೊರಟೆವು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಲಿನಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಅನ್ನುವುದು ಮರ್ಯಾದೆಗೆ. ದಿಣ್ಣೆ ಬಂದ ಕೂಡಲೇ ಬಸ್ಸು ನಿಂತಿತು. ಗಂಡಸರೆಲ್ಲ ತಳ್ಳಲು ಇಳಿದರು, ನಾವು ಹೆಂಗಸರೂ ಇಳಿದೆವು. ಇವರೊಬ್ಬರು ಒಳಗೇ ಕಣ್ಣು ಮುಚ್ಚಿಕೊಂಡು ಕೂತಿದ್ದರು.

"ಗೌಡ್ರೇ, ಬಸ್ಸು ನಿಂತದೆ" ಅಂದ ಕಂಡಕ್ಟರು.

"ನಿಂತದೆ ಅನ್ನದ್ನ ಒಪ್ಕಂಡಿವ್ನಿ ಕಣಪ್ಪ."

"ಬಾಳಾ ಸಂತೋಸ. ವಸಿ ಕೆಳಗಿಳ್ದು ಒಪ್ಕಳಿ."

ವೀಳ್ಯದ ತಟ್ಟೆ

ಕಿರುಗಾವಲಿನವರು ಬಂದೇಬಿಟ್ಟರು. ಎರಡೂ ಕಡೆಯ ಹಿರಿಯರು ಎಲೆ ಅಡಿಕೆ ಬದಲಾಯಿಸಿಕೊಂಡರೆ ಮಾತು ಗಟ್ಟಿ. ತಟ್ಟೆ ನಡುವೆ ಇಟ್ಟಿತ್ತು. ಮಗಳು ಸಂಪ್ರದಾಯದಂತೆ ತಲೆ ಬಗ್ಗಿಸಿ ಚಾಪೆಯ ಮೇಲೆ ಕೂತಿದ್ದಳು. ನಾನು ಮತ್ತು ಹುಡುಗನ ತಾಯಿ ಬಾಗಿಲ ಹಿಂದೆ. ಮನೆಯಲ್ಲಿ ಉಳಿದಿದ್ದದ್ದು ಅದೇ ಸೀದ ಬೆಲ್ಲ, ಪಾನಕಕ್ಕೆ ಅದನ್ನೇ ಹಾಕಿದ್ದೆ.

ಹುಡುಗನ ತಂದೆ ಒಂದು ಗುಟುಕು ಕುಡಿದು, "ಬೆಲ್ಲ ಸೀದದಲ್ಲಾ ಗೌಡ್ರೇ" ಅಂದರು.

ಇವರ ಮೂಗಿನ ತುದಿ ಕೆಂಪಾಯಿತು. ಇನ್ನು ಬಾಗಿಲು ತೋರಿಸುತ್ತಾರೆ ಅಂದುಕೊಂಡೆ. ಆದರೆ ಇವರು ಕಣ್ಣು ಮುಚ್ಚಿದರು. ಕೇಳಿದ್ದಕ್ಕೆ ಜವಾಬಿಲ್ಲವಲ್ಲ ಎಂದು ಹುಡುಗನ ತಂದೆಯ ಮುಖವೂ ಕೆಂಪಾಯಿತು. ಅವರೂ ಕಣ್ಣು ಮುಚ್ಚಿದರು.

ಹುಡುಗನ ತಾಯಿ ನನ್ನ ಕಿವಿಯಲ್ಲಿ, "ನಮ್ಮೋರೂ ವೈದ್ಯನಾಥಪುರಕ್ಕೆ ಓಯ್ತಾರೆ ಕಣಕ್ಕ. ಕೋಪಕ್ಕೆ" ಅಂದರು. ನಗು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಧ್ಯಾನ ಕೆಡಿಸಬಾರದೆಂದು ಉಳಿದ ಗಂಡಸರು ಕೈ ಕಟ್ಟಿ, ಸೂರು ನೋಡುತ್ತಾ ಕೂತರು. ಆಗ ಇವರು ಮುದ್ದಿನಿಂದ ಸಾಕಿದ್ದ ಬಂಡೂರು ಟಗರು ಹಗ್ಗ ಕಿತ್ತುಕೊಂಡು ಒಳಗೆ ಬಂತು. ನೇರ ತಟ್ಟೆಗೇ ಬಾಯಿ ಹಾಕಿತು. ಗಂಡಸರ ನಡುವೆ ನಾವು ಹೋಗುವಂತಿಲ್ಲ, ಕೂಗುವಂತಿಲ್ಲ. ನನ್ನ ಮಗಳ ಮದುವೆ ಎಲೆ ಎಲೆಯಾಗಿ ಟಗರಿನ ಹೊಟ್ಟೆ ಸೇರುತ್ತಿತ್ತು.

ಅಲ್ಲಿ ಕೂತವರಲ್ಲಿ, ತಲೆ ಬಗ್ಗಿಸಿದ್ದರಿಂದ ಅದು ಕಂಡದ್ದು ಮಗಳಿಗೆ ಮಾತ್ರ. ಎದ್ದಳು. ಟಗರಿನ ಕಿವಿ ಹಿಡಿದು ಹೊರಗೆ ದಬ್ಬಿ ಅಗುಳಿ ಹಾಕಿದಳು. ಒಳಗಿನಿಂದ ಬೇರೆ ಎಲೆ ತಂದು, ಒರೆಸಿ, ತಟ್ಟೆಯಲ್ಲಿ ಜೋಡಿಸಿದಳು. ಮತ್ತೆ ಚಾಪೆಯ ಮೇಲೆ ಕೂತು ತಲೆ ಬಗ್ಗಿಸಿದಳು.

ಸದ್ದಿಗೆ ಹಿರಿಯರಿಬ್ಬರೂ ಒಟ್ಟಿಗೆ ಕಣ್ಣು ತೆರೆದು, "ಏನಾಯ್ತು?" ಅಂದರು.

ಹುಡುಗನ ತಾಯಿ ಸಂಪ್ರದಾಯವನ್ನೆಲ್ಲ ಪಕ್ಕಕ್ಕಿಟ್ಟು ಬಾಗಿಲು ದಾಟಿ ಬಂದರು.

"ಏನೂ ಆಗ್ನಿಲ್ಲ ಬುಡಿ. ಕಣ್ ಮುಚ್ಕಂಡ್ ಕೂರೋರು ನಮ್ಮನೇಲಿ ಒಬ್ರವ್ರೆ, ಸಾಕು. ಕಣ್ ಬುಟ್ಕಂಡಿರೋ ಸೊಸೆ ಬೇಕಾಗಿತ್ತು, ಸಿಕ್ಕುದ್ಲು. ಬಿರ್‌ಬಿರ್ನೆ ಎಲೆ ಬದಲಾಯ್ಸ್ಕಳಿ, ಇನ್ನೊಂದು ಕುರಿ ಬರೋಕ್ ಮುಂಚೆ."