ಕನ್ನಂಬಾಡಿಯಲ್ಲೊಂದು ತವರುಮನೆ

ನಮ್ಮ ಅತ್ತೆಗೆ ಎರಡು ತವರುಮನೆ. ಒಂದು, ಹೆಸರಘಟ್ಟದಲ್ಲಿ ನಮ್ಮ ತಾತ ಕಟ್ಟಿಸಿದ್ದು. ಇನ್ನೊಂದು, ಕನ್ನಂಬಾಡಿ ಕಟ್ಟೆಯ ಕೆಳಗೆ, ಬೃಂದಾವನದ ಕಾರಂಜಿಗಳ ಪಕ್ಕದಲ್ಲಿರುವ ಹೋಟೆಲು. ನಗಬೇಡಿ! ಮೊದಲನೆಯದನ್ನಾದರೂ ಅವಳು ಮರೆತಾಳು, ಎರಡನೆಯದನ್ನು ಮರೆಯುವವಳಲ್ಲ. ಹೆಣ್ಣುಮಕ್ಕಳು ತವರನ್ನು ಹೊಗಳುವುದುಂಟು, ಒಪ್ಪೋಣ. ಆದರೆ ಒಂದೇ ಒಂದು ರಾತ್ರಿ ತಂಗಿದ್ದ ಹೋಟೆಲನ್ನು ವರ್ಷಗಟ್ಟಲೆ ಹೊಗಳಿ ಹೊಗಳಿ ಕೇಳುವವರ ಕಿವಿ ತೂತು ಮಾಡುವುದು ಯಾವ ನ್ಯಾಯ? ಆ ಶಿಕ್ಷೆಯನ್ನು ದಿನವೂ ಅನುಭವಿಸಿದವಳು ನಾನು. ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗಿದೆ.

ಆಗ ನನಗೆ ಯಲಹಂಕದ ಶಾಲೆಯಲ್ಲಿ ಟೀಚರ್ ಕೆಲಸ ಹೊಸದಾಗಿ ಸಿಕ್ಕಿತ್ತು. ಅಪ್ಪನ ತಂಗಿಯಾದ ಈ ಅತ್ತೆಯನ್ನು ಕೊಟ್ಟಿದ್ದದ್ದು ಅಮೃತಹಳ್ಳಿಗೆ. ಬ್ಯಾಟರಾಯನಪುರದವರೆಗೆ ನಡೆದರೆ ಬಸ್ಸು ಸಿಗುತ್ತದೆ, ಹೆಣ್ಣುಹುಡುಗಿ ಒಬ್ಬಳೇ ರೂಮು ಮಾಡಿಕೊಂಡಿರುವುದೇನು ಬಂತು ಎಂದು ಅಪ್ಪ ನನ್ನನ್ನು ಅಲ್ಲೇ ಬಿಟ್ಟರು. ಅದು ಮನೆಯೋ ಸಂತೆಯೋ! ಮಾವ, ಮಾವನ ತಮ್ಮಂದಿರು, ಅವರ ಹೆಂಡಿರು ಮಕ್ಕಳು, ಮೂಲೆಯ ಮಂಚದಲ್ಲಿ ಮಾವನ ತಾಯಿ, ತೋಟದ ಆಳುಗಳು, ಕೊಟ್ಟಿಗೆಯ ತುಂಬ ದನಕರು. ಇಷ್ಟಕ್ಕೂ ಹಿರಿಯ ಸೊಸೆ ನಮ್ಮ ಅತ್ತೆ.

ಈ ಹೋಟೆಲಿನ ನಂಟು ಬೆಳೆದದ್ದು ಒಂದು ಹೂಕೋಸಿನಿಂದ. ಒಂದು ವರ್ಷ ಮಾವನ ತೋಟದಲ್ಲಿ ಬಂಡಿಯ ಚಕ್ರದಷ್ಟು ದೊಡ್ಡ ಹೂಕೋಸು ಬಿಟ್ಟಿತಂತೆ. (ಚಕ್ರ ಅಂದದ್ದು ಮಾವ, ನಾನಲ್ಲ.) ಅದನ್ನು ಮೈಸೂರಿನ ದಸರಾ ವಸ್ತುಪ್ರದರ್ಶನದ ಸ್ಪರ್ಧೆಗೆ ಇಡಬೇಕೆಂದು ಅಣ್ಣತಮ್ಮಂದಿರೆಲ್ಲ ಲಾರಿ ಹತ್ತಿದರು. ದಾರಿಯಲ್ಲಿ ಅಡುಗೆಗೆ ಯಾರು? ಅತ್ತೆ! ಹೂಕೋಸು ಲಾರಿಯಲ್ಲಿ ಕುಲುಕಾಡಿ, ಬಿಸಿಲಿಗೆ ಹಳದಿ ತಿರುಗಿ, ಸಮಾಧಾನಕರ ಬಹುಮಾನಕ್ಕೂ ಬಾರದೆ ಹೋಯಿತು. ದುಃಖ ಮರೆಯಲು ಎಲ್ಲರೂ ಬೃಂದಾವನ ನೋಡಲು ಹೋದರು. ಅಲ್ಲಿ ಲಾರಿ ಕೆಟ್ಟು ನಿಂತಿತು. ಗಂಡಸರು ಲಾರಿಯ ಮೇಲೆ ಮಲಗಿದರು. ಇದ್ದ ಒಬ್ಬ ಹೆಂಗಸನ್ನು ಬಯಲಲ್ಲಿ ಮಲಗಿಸುವುದು ಹೇಗೆ? ಹೋಟೆಲಿನಲ್ಲಿ ಉಳಿದಿದ್ದ ಒಂದೇ ಒಂದು ರೂಮನ್ನು ಅವಳಿಗೆ ಕೊಡಿಸಿದರು. ಬೆಳಿಗ್ಗೆ ಹೊರಡುವಾಗ ಹೋಟೆಲಿನ ಮ್ಯಾನೇಜರು ಮೆಟ್ಟಿಲ ಮೇಲೆ ನಿಂತು ಕೈ ಮುಗಿದು, "ಮತ್ತೆ ಬನ್ನಿ ತಾಯಿ" ಎಂದರಂತೆ.

ಅಷ್ಟೇ! ಅವರು ಬಾಯಿಮಾತಿಗೆ ಅಂದದ್ದನ್ನು ಇವಳು ಸೆರಗಿಗೆ ಗಂಟು ಹಾಕಿಕೊಂಡು ಬಂದಳು.

"ಅತ್ತೆ, ಹೋಟೆಲಿನವರು ಎಲ್ಲರಿಗೂ ಹಾಗೇ ಹೇಳ್ತಾರೆ" ಎಂದು ತಿಳಿಹೇಳಿದೆ.

"ಎಲ್ಲಾರ್ಗೂ ಯೋಳುದ್ರೆ ನಂಗ್ ಯೋಳಿಲ್ಲ ಅಂತಾನಾ? ಬಾ ಅಂತ ಕರ್ದವ್ರ ಮನೇಗೆ ಓಗ್ದೇ ಇದ್ರೆ ಏನಂದ್ಕೊಂತಾರೆ ಕಣಮ್ಮಿ?"

ಓದಿದವಳು ನಾನು, ಟೀಚರು ನಾನು, ಪಾಠ ಹೇಳಿಸಿಕೊಂಡವಳೂ ನಾನೇ.

ಅಲ್ಲಿಂದ ಶುರುವಾಯಿತು ಕಾಟ. ನಾನು ಟವಲು ಒಣಹಾಕಿದರೆ, "ಅಲ್ಲಿ ಟವಲು ಎಂಗ್ ಮಡ್ಸಿಟ್ಟಿದ್ರು ಅಂತೀಯ, ವೀಳ್ಯದೆಲೆ ಮಡ್ಸ್ದಂಗೆ!" ಕಾಫಿ ಕುಡಿಯುತ್ತಿದ್ದರೆ, "ಅಲ್ಲಿ ಆಲು ಬೇರೆ, ಡಿಕಾಕ್ಸನ್ ಬೇರೆ ತಂದಿಕ್ಕಿ, ನಿಮ್ಗೆ ಬೇಕಾದಂಗೆ ಬೆರುಸ್ಕೊಳಿ ಅಂದ್ರು." ಒಂದು ಭಾನುವಾರ, ಹೂವಿನ ಪ್ರದರ್ಶನ ತೋರಿಸೋಣವೆಂದು ಅವಳನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋದೆ. ಗಾಜಿನ ಮನೆಯ ಮುಂದೆ ನಿಂತು ಮೇಲಿಂದ ಕೆಳಗೆ ನೋಡಿ, "ಚೆಂದಾಗೈತೆ. ಆದ್ರೆ ಮಲಿಕ್ಕೊಳಕ್ಕೆ ರೂಮಿಲ್ವಲ್ಲ" ಅಂದಳು! ಜನ ತಿರುಗಿ ನೋಡಿದರು. ನಾನು ಅವಳು ಯಾರೋ ನಾನು ಯಾರೋ ಎಂಬಂತೆ ಒಂದು ಡೇಲಿಯಾವನ್ನು ದಿಟ್ಟಿಸುತ್ತಾ ನಿಂತೆ.

ಮಾವನ ತಮ್ಮನ ಮಗಳ ಮದುವೆ ಗೊತ್ತಾದಾಗ ಅತ್ತೆಯ ಹುಚ್ಚು ನೆತ್ತಿಗೇರಿತು. ಉಂಡು ಮಲಗಿದ ಮನೆಯವರನ್ನು ಮದುವೆಗೆ ಕರೆಯದಿದ್ದರೆ ಆ ಕಡೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಎಷ್ಟೋ ಮನೆಗಳು ಇಂಥ ವಿಷಯಕ್ಕೇ ಮಾತು ಬಿಟ್ಟಿವೆ. ಅತ್ತೆ ಲಗ್ನಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ನನ್ನ ಮುಂದಿಟ್ಟಳು.

"ಬರಿ. ಮ್ಯಾನೇಜರ್ ಅವರಿಗೆ, ಮನೆಯವರೆಲ್ಲಾರ್ಗೂ."

"ಹೋಟೆಲಿಗೆ ಮದುವೆ ಕಾಗದವಾ? ನಾನು ಬರೆಯಲ್ಲ!"

"ಟೀಚರ್ ಆಗಿ ಬರ್ಯಕ್ಕೆ ಬರಲ್ವಾ?"

ಬರೆದೆ. ಮದುವೆಯ ದಿನ ಮೊದಲ ಪಂಕ್ತಿಯಲ್ಲಿ ಒಂದು ಎಲೆ ಖಾಲಿ. ಕೂರಲು ಬಂದವರನ್ನೆಲ್ಲ ಅತ್ತೆ, "ಅಲ್ ಬ್ಯಾಡಿ, ಮೈಸೂರ್ ಕಡೆಯವ್ರು ಬರ್ತಾರೆ" ಎಂದು ಎಬ್ಬಿಸುತ್ತಿದ್ದಳು. ಗಂಡಿನ ಸೋದರಮಾವನನ್ನೇ ಎಬ್ಬಿಸಿ, ಬೀಗರು ಇನ್ನೇನು ಮುನಿಸಿಕೊಂಡು ಹೊರಡುವುದೊಂದು ಬಾಕಿ! ಮ್ಯಾನೇಜರು ಬರಲಿಲ್ಲ, ಬೇರೆ ಹೇಳಬೇಕೇ? ಈಗಲಾದರೂ ಇವಳಿಗೆ ಬುದ್ಧಿ ಬಂತು ಎಂದುಕೊಂಡೆ. ಅತ್ತೆ ಪಾತ್ರೆ ತೊಳೆಯಿಸುತ್ತಾ, "ಪಾಪ, ಅಷ್ಟ್ ಜನ ಬಂದೋಗೋ ಮನೆ. ಬಿಟ್ ಬರಕ್ಕಾಯ್ತದಾ?" ಅಂದಳು.

ಬಿಟ್ಟು ಹೋಗಲು ಇವಳಿಗೂ ಆಗುತ್ತಿರಲಿಲ್ಲ. ಪ್ರತಿ ವರ್ಷ ದಸರಾ ಕಳೆದ ಮೇಲೆ ಕನ್ನಂಬಾಡಿಗೆಂದು ಅಟ್ಟದಿಂದ ಟ್ರಂಕು ಇಳಿಯುತ್ತಿತ್ತು. ಅವಳ ಸೀರೆ, ಮಾವನ ರೇಷ್ಮೆ ಪಂಚೆ, ಜೊತೆಗೆ ನನ್ನನ್ನು ಕೇಳದೆ ನನ್ನ ಒಳ್ಳೆಯ ಸೀರೆಯೂ ಅದರೊಳಗೆ ಸೇರುತ್ತಿದ್ದವು. ಶಾಲೆಗೆ ಇನ್ಸ್‌ಪೆಕ್ಟರು ಬಂದು ನನ್ನ ಪಾಠ ಹೊಗಳಿದ ದಿನವೂ ನಾನು ಮಾಸಲು ಸೀರೆಯಲ್ಲೇ ಹೋಗಿದ್ದೆ! ಬಾವಿಕಟ್ಟೆಯಲ್ಲಿ ಪಕ್ಕದ ಮನೆಯವಳು, "ಏನಕ್ಕ, ವೊಂಟ್ರಾ?" ಎಂದು ಕೇಳಿದರೆ, "ಊಂ ಕಣಮ್ಮ, ಬರೋ ಸನಿವಾರ" ಎಂದು ಅತ್ತೆ ಬೀಗುತ್ತಿದ್ದಳು.

ಆ ಶನಿವಾರ ಬರಬೇಕಲ್ಲ? ಒಂದು ವರ್ಷ ಎಮ್ಮೆ ಕರು ಹಾಕುವುದಿತ್ತು. ಆ ಎಮ್ಮೆ ಬೇರೆ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಇನ್ನೊಂದು ವರ್ಷ ವಾರಗಿತ್ತಿಯ ಬಾಣಂತನ. ಮತ್ತೊಂದು ವರ್ಷ ಮಂಚದಲ್ಲಿದ್ದ ಅಜ್ಜಿ, "ಸುಕ್ರವಾರ ಸಾಯ್ತೀನಿ, ನೀನು ಓಗ್ಬ್ಯಾಡ" ಎಂದು ಅಪ್ಪಣೆ ಮಾಡಿತು. ಶನಿವಾರ ಎದ್ದು ಕೂತು ಮುದ್ದೆ ಉಂಡಿತು! ಪ್ರತಿ ಸಲವೂ ಅತ್ತೆ ತುಟಿ ಎರಡು ಮಾಡದೆ ಟ್ರಂಕಿನಿಂದ ಬಟ್ಟೆ ತೆಗೆದಿಡುತ್ತಿದ್ದಳು. ಟವಲಿನ ಬಗ್ಗೆ ಅಷ್ಟು ಮಾತಾಡುವವಳಿಗೆ ಇಲ್ಲಿ ಒಂದು ಮಾತು ಬೇಡವೇ? ನನಗಂತೂ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ಒಂದು ವರ್ಷ ನಾನೇ ಮಾವನ ಮುಂದೆ ಹೋಗಿ ನಿಂತೆ. "ಮಾವ, ಈ ಸಲ ಹೊರಡದಿದ್ರೆ ಟ್ರಂಕನ್ನ ಬಾವಿಗೆ ಹಾಕ್ತೀನಿ. ಅದರಲ್ಲಿ ನಿಮ್ಮ ರೇಷ್ಮೆ ಪಂಚೆನೂ ಇದೆ" ಎಂದೆ.

"ಏನಮ್ಮಿ ಇದು, ಮಕ್ಳುನ್ನ ಎದ್ರುಸ್ದಂಗೆ ಎದ್ರುಸ್ತೀಯ!" ಎಂದರು ಮಾವ. ಆದರೂ ಸಂಕ್ರಾಂತಿ ಕಳೆದದ್ದೇ ಮಾವ, ಅತ್ತೆ, ನಾನು ಮೈಸೂರಿನ ರೈಲು ಹತ್ತಿದೆವು.

ಅತ್ತೆ ಬರಿಗೈಯಲ್ಲಿ ಬಂದಾಳೇ? ಜೊತೆಗೆ ಒಂದು ಮೂಟೆ ಅವರೆಕಾಯಿ! ರೈಲಿನ ಡಬ್ಬಿಯ ತುಂಬ ಅದರ ಸೊಗಡು ಹರಡಿ, ಎದುರಿಗೆ ಕೂತವರೆಲ್ಲ ಹಿದಕವರೆಯ ಸಾರಿನ ಸುದ್ದಿ ಎತ್ತಿದರು. ಹೋಟೆಲು ತಲುಪಿದಾಗ ಮೂಟೆ ಹೊತ್ತಿದ್ದವಳು ನಾನು. ಇನ್ಸ್‌ಪೆಕ್ಟರು ಹೊಗಳಿದ ಟೀಚರು!

ಮೇಜಿನ ಹಿಂದೆ ಹೊಸ ಮ್ಯಾನೇಜರು ಕೂತಿದ್ದರು. ಹಳಬರಿಗೆ ವರ್ಗವಾಗಿತ್ತಂತೆ.

"ಯಾವ ರೂಮು ಬೇಕಮ್ಮ?"

"ನಮ್ ರೂಮು" ಅಂದಳು ಅತ್ತೆ. "ಮೇಲ್ಗಡೆ ಕೊನೇದು."

"ಅದರಲ್ಲಿ ಜನ ಇದ್ದಾರಲ್ಲ."

"ಯಾರ್ನ ಕೇಳಿ ಬಿಟ್ರಿ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಮೂಟೆಯತ್ತ ನೋಡಿ, "ಇದೇನಿದು?" ಎಂದರು.

"ಅವರೇಕಾಯಿ ಕಣಪ್ಪ. ನೆಂಟ್ರ ಮನೇಗೆ ಬರೀ ಕೈಲಿ ಬರ್ತಾರಾ?"

ಆ ಮನುಷ್ಯ ಒಂದು ಕಾಯಿ ಬಿಡಿಸಿ ಮೂಸಿ ನೋಡಿ, ಕೆಲಸದವನನ್ನು ಕರೆದು ಮೂಟೆಯನ್ನು ಅಡುಗೆಮನೆಗೆ ಕಳಿಸಿದರು. ಮಧ್ಯಾಹ್ನ ಆ ಕೊನೆಯ ರೂಮು ಖಾಲಿಯಾದಾಗ ಬೀಗದ ಕೈಯನ್ನು ಅವರೇ ತಂದು ಅತ್ತೆಯ ಕೈಗೆ ಕೊಟ್ಟರು. ಅದರಲ್ಲಿ ಇದ್ದದ್ದು ಒಂಟಿ ಮಂಚ, ಮಾವನಿಗೂ ನನಗೂ ಕೆಳಗೆ ಎರಡು ರೂಮು ಸಿಕ್ಕಿದವು.

ಸಂಜೆಯಾಯಿತು. ದೀಪ ಹತ್ತಿದವು. ಹಸಿರು, ಕೆಂಪು, ನೀಲಿ ಬಣ್ಣದ ನೀರು ಚಿಮ್ಮುತ್ತಿತ್ತು. ಎಲ್ಲಿಂದೆಲ್ಲಿಂದಲೋ ಬಂದ ಜನ ಬಾಯಿ ತೆರೆದು ನೋಡುತ್ತಿದ್ದರು. ಅತ್ತೆ ಎಲ್ಲಿ? ಪತ್ತೆಯೇ ಇಲ್ಲ! ಇಷ್ಟು ವರ್ಷ ನಮ್ಮ ಪ್ರಾಣ ತಿಂದು, ರೈಲು ಹತ್ತಿಸಿ, ಮೂಟೆ ಹೊರಿಸಿ, ಈಗ ಕಾರಂಜಿ ನೋಡಲು ಕೆಳಗಿಳಿಯುವುದಕ್ಕೂ ಇವಳಿಗೆ ಸೋಮಾರಿತನವೇ? ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋಗಿ ಬಾಗಿಲು ಬಡಿದೆ.

"ಯಾರು?"

"ನಾನು ಅತ್ತೆ."

"ಏನ್ ಬೇಕಿತ್ತು?"

ಆ ದನಿಯಲ್ಲಿ ಬೇಸರವಿರಲಿಲ್ಲ. ಒಲೆಯ ಮುಂದೆ, ಕೊಟ್ಟಿಗೆಯಲ್ಲಿ, ಅಜ್ಜಿಯ ಮಂಚದ ಬಳಿ, ಯಾರು ಕರೆದರೂ ಅವಳು ಹೇಳುತ್ತಿದ್ದದ್ದು ಅದೊಂದೇ ಮಾತು. ದಿನವೂ ಅವಳ ಪಕ್ಕದಲ್ಲೇ ಇದ್ದ ನಾನು ಅದನ್ನು ಆವತ್ತು ಮೊದಲ ಸಲ ಕೇಳಿಸಿಕೊಂಡೆ. ಬೈಯಲು ಬಂದವಳು ಮತ್ತೆ ಬಡಿಯಲು ಎತ್ತಿದ್ದ ಕೈ ಇಳಿಸಿದೆ.

"ಏನೂ ಬೇಡ ಅತ್ತೆ" ಎಂದೆ.

"ಏನೂ ಬ್ಯಾಡ್ವಾ?"

"ಏನೂ ಬೇಡ."

ಆಮೇಲೆ ಚಿಲಕ ತೆಗೆದ ಸದ್ದು. "ಅಂಗಾದ್ರೆ ಬಾ ಒಳಕ್ಕೆ."

ಅವಳು ಜಡೆ ಬಿಚ್ಚಿಕೊಂಡು ಕಾಲು ಚಾಚಿ ಮಂಚದ ಮೇಲೆ ಕೂತಿದ್ದಳು. ಏನೂ ಮಾಡುತ್ತಿರಲಿಲ್ಲ. ಅವಳು ಏನೂ ಮಾಡದೆ ಕೂತದ್ದನ್ನು ನಾನು ಕಂಡದ್ದೇ ಇಲ್ಲ. ಅಮೃತಹಳ್ಳಿಯ ಮನೆಯಲ್ಲಿ ಅವಳು ಮಲಗುವ ಜಾಗ ರಾಗಿಯ ಕೋಣೆ, ಅದಕ್ಕೆ ಬಾಗಿಲೇ ಇಲ್ಲ. ಅತ್ತೆ ಮಗುವಿನ ಹಾಗೆ ನಕ್ಕು, "ನೋಡು ಕಣಮ್ಮಿ, ಇಲ್ಲಿ ಒಳಗಿಂದ ಚಿಲ್ಕ ಐತೆ" ಅಂದಳು. ಪಕ್ಕದಲ್ಲಿ ಕೂತು ನಾನೂ ಕಾಲು ಚಾಚಿದೆ.

ಆಗಲೇ ಮೆಟ್ಟಿಲ ಕಡೆಯಿಂದ ಮಾವನ ಕೂಗು ಬಂತು. "ಏಯ್, ಚಳಿ ಆಯ್ತೈತೆ, ನನ್ ಮಫ್ಲರ್ ಎಲ್ಲಿಟ್ಟಿದ್ದೀಯೇ?"

ಅತ್ತೆ ಆಗಲೇ ಕಾಲು ಕೆಳಗಿಳಿಸಿದ್ದಳು. ನಾನು ಎದ್ದು ಹೋಗಿ ಚಿಲಕ ಹಾಕಿ, ಹೊರಗೆ ಕೇಳುವಂತೆ ಗಟ್ಟಿಯಾಗಿ ಹೇಳಿದೆ:

"ಅತ್ತೆ ಇಲ್ಲಿಲ್ಲ ಮಾವ!"