ಹುಲ್ಲಿಗೆ ತಲೆ ಬಾಚುವ ಭಾವ

ನಮ್ಮ ಭಾವನವರು ದಿನಾ ಬೆಳಿಗ್ಗೆ ಎದ್ದು ಹುಲ್ಲಿಗೆ ತಲೆ ಬಾಚುತ್ತಾರೆ. ಸ್ವಂತ ತಲೆಯಲ್ಲಿ ಬಾಚಲು ಏನೂ ಉಳಿಯದೆ ಇಪ್ಪತ್ತು ವರ್ಷವಾಯಿತು. ಆ ಉತ್ಸಾಹ ಎಲ್ಲಿಗಾದರೂ ಹೋಗಬೇಕಲ್ಲ! ಜಹೀರಾಬಾದಿನ ಅವರ ಅಂಗಳದಲ್ಲಿರುವುದು ಆರ್ಟಿಫಿಷಿಯಲ್ ಟರ್ಫ್, ಅಂದರೆ ಪ್ಲಾಸ್ಟಿಕ್ ಹುಲ್ಲು. ಬೆಳೆಯುವುದಿಲ್ಲ, ಬಾಡುವುದಿಲ್ಲ, ತುಳಿದರೆ ಮಲಗುತ್ತದೆ, ಬಾಚಿದರೆ ಏಳುತ್ತದೆ. ಪಕ್ಕದ ಮನೆಯ ಆಡು ಒಮ್ಮೆ ಬಾಯಿ ಹಾಕಿತು. ಆಮೇಲೆ ಭಾವನವರ ಮುಖವನ್ನು ಅದು ನೋಡಿದ ರೀತಿ! ಅಷ್ಟು ಡಿಗ್ನಿಫೈಡ್ ತಿರಸ್ಕಾರವನ್ನು ನಾನು ನಮ್ಮ ಕಾನ್ವೆಂಟಿನ ಮದರ್ ಸುಪೀರಿಯರ್ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ.

ಆದರೆ ಈ ಹುಲ್ಲಿನ ಕಥೆ ಶುರುವಾಗುವುದು ನನ್ನ ಅಕ್ಕನ ಮೊಣಕಾಲುಗಳಿಂದ. ಹೋದ ವರ್ಷ ಎರಡನ್ನೂ ರಿಪ್ಲೇಸ್ ಮಾಡಿದರು. ದಿನಾ ನಡೆಯದಿದ್ದರೆ ಹೊಸ ಕೀಲೂ ಬಿಗಿದು ಹಾಸಿಗೆಯೇ ಗತಿ ಎಂದು ಡಾಕ್ಟರು ಹೆದರಿಸಿ ಕಳಿಸಿದರು. ನಡೆಯುವುದೆಲ್ಲಿ? ಅಂಗಳ ಎರೆ ಮಣ್ಣಿನದು. ಬೇಸಿಗೆಯಲ್ಲಿ ಚಮಚ ಬಿದ್ದರೆ ಸಿಗದಂಥ ಬಿರುಕು. ಮಳೆಗಾಲದಲ್ಲಿ ಚಪ್ಪಲಿ ಇಟ್ಟುಕೊಂಡು ಕಾಲನ್ನಷ್ಟೇ ವಾಪಸು ಕೊಡುವ ಕೆಸರು. ಅದರ ಮೇಲೆ ತಾಂಡೂರು ಕಲ್ಲು ಹಾಸಿಸಿದ್ದರು. ತಾಂಡೂರು ನನ್ನ ಊರು, ಸಿಫಾರಸೂ ನನ್ನದೇ, ಗಾಡ್ ಫರ್ಗಿವ್ ಮಿ. ಎರೆ ಉಬ್ಬಿ ಕುಗ್ಗಿ, ಒಂದು ಕಲ್ಲಿನ ಮೇಲೆ ಕಾಲಿಟ್ಟರೆ ಪಕ್ಕದ ಕಲ್ಲು ಎದ್ದು ನಮಸ್ಕಾರ ಮಾಡುತ್ತಿತ್ತು. ಅಂಥ ಒಂದರ ಮೇಲೆ ಅಕ್ಕ ಜಾರಿದಳು. ಮೂಳೆ ಮುರಿಯಲಿಲ್ಲ, ಧೈರ್ಯ ಮುರಿಯಿತು. ಅವಳು ಮತ್ತೆ ಹೊಸ್ತಿಲು ದಾಟಲಿಲ್ಲ; ಕಾಲು ದಿನದಿಂದ ದಿನಕ್ಕೆ ಬಿಗಿಯುತ್ತ ಬಂತು. ನಾನು ಪೆಟ್ಟಿಗೆ ಹಿಡಿದು ಬಂದು ಅವಳ ಜೊತೆ ಉಳಿದೆ.

ಭಾವನವರು ಕಲ್ಲು ಕೀಳಿಸಿ, ಬಿದ್ದರೂ ನೋಯದ ನೆಲ ಮಾಡಿಸುತ್ತೇನೆಂದು ಹುಲ್ಲಿನ ಹಿಂದೆ ಬಿದ್ದರು. ಅಂಗೈಯಗಲದ ಸ್ಯಾಂಪಲ್ ತುಂಡುಗಳನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗಾಟ. ನಾರಾಯಣಖೇಡದಲ್ಲಿ ಒಂದು ಮದುವೆಯೂಟ. ಸೆಖೆಗೆ ಬೆವರು ಸುರಿಯುತ್ತಿತ್ತು. ಭಾವನವರು ಮಾತಿನ ಭರದಲ್ಲಿ ಜೇಬಿನಿಂದ ಕರ್ಚೀಫು ತೆಗೆದು ಮುಖವನ್ನು ಗಸಗಸ ಒರೆಸಿಕೊಂಡರು. ಅದು ಕರ್ಚೀಫಲ್ಲ! ಫೋಟೋದಲ್ಲಿ ಮದುಮಗಳಿಗಿಂತ ಇವರ ಕೆನ್ನೆಯೇ ಕೆಂಪು. ಇವರು ಮಾತ್ರ ಆ ತುಂಡು ತುಂಬ ಒರಟು ಎಂದು ತೀರ್ಮಾನಿಸಿ, ಇನ್ನೊಂದು ಮೆತ್ತನೆಯದಕ್ಕೆ ಆರ್ಡರ್ ಕೊಟ್ಟರು.

ಹುಲ್ಲೇನೋ ಬಂತು. ಕೆಳಗಿನ ನೆಲ? ಇಲ್ಲೇ ಎಡವಟ್ಟಾಯಿತು. ಭಾವನವರು ನೌಕರಿಯನ್ನೆಲ್ಲ ಕೆರೆ ಏರಿಗಳ ಮೇಲೆ ಕಳೆದವರು. ಎರೆ ಮಣ್ಣು ನೆನೆಸಿ, ತುಳಿಸಿ, ದಮ್ಮಸ್ಸು ಬಡಿಸಿ, ಒಂದು ಹನಿ ಆಚೆ ಹೋಗದಂತೆ ಮಾಡುವುದು ಅವರು ಕಲಿತ ಏಕೈಕ ವಿದ್ಯೆ. ಅಂಗಳಕ್ಕೂ ಅದನ್ನೇ ಮಾಡಿದರು! ಸುತ್ತ ಗಟ್ಟಿ ಬದು, ನಡುವೆ ಬಡಿದು ಬಡಿದು ಕಬ್ಬಿಣವಾದ ಎರೆ, ಅದರ ಮೇಲೆ ಹುಲ್ಲು.

ಮೊದಲ ಮಳೆಗೆ ಹುಲ್ಲು ತೇಲಿತು. ಅದರ ಕೆಳಗೆ ಕಪ್ಪೆ ಗಾತ್ರದ ಒಂದು ಗಂಟು ಅತ್ತಿಂದಿತ್ತ ಸಂಚಾರ ಮಾಡುತ್ತ ವಟಗುಟ್ಟತೊಡಗಿತು. ಅಕ್ಕ ನನ್ನ ಭುಜ ಹಿಡಿದು, ಹೆದರಿ ಹೆದರಿ ಒಂದು ಕಾಲಿಟ್ಟಳು. ಅಂಗಳ ವಾಟರ್ ಬೆಡ್ಡಿನಂತೆ ಕುಸಿಯಿತು. ತಕ್ಷಣ ಕಾಲೆಳೆದುಕೊಂಡಳು.

"ನಾ ನಡ್ಯಾಕ ಜಾಗ ಕೇಳಿದ್ರ, ನೀವು ಈಸಾಕ ಮಾಡೀರಿ" ಎಂದು ಒಳಗೆ ಹೋದವಳು ಮಂಚದಿಂದ ಇಳಿಯಲೂ ಒಲ್ಲೆನೆಂದಳು.

ಭಾವನವರಿಗೆ ದುಃಖವಾಯಿತು, ನಿಜ. ಆದರೆ ನಾಲ್ಕನೆಯ ದಿನ ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, "ಒಂದ್ ಹನಿ ಸೋರಿಲ್ಲ ನೋಡವಾ" ಎಂದರು. ಹಾಳು ಅಭಿಮಾನ!

ಕೊನೆಗೆ ಕಂಗ್ಟಿಯಿಂದ ಒಬ್ಬ ಮೇಸ್ತ್ರಿ ಬಂದ. ಹುಲ್ಲಿನ ಅಂಚೆತ್ತಿ ನೋಡಿದ, ಬೀಡಿ ಆರಿಸಿದ.

"ಸಾಹೇಬ್ರ, ನೀವು ಕೆರಿ ಕಟ್ಟೀರಿ. ಛಲೋ ಕಟ್ಟೀರಿ. ಖರೆ ಅಕ್ಕಾರು ಮೀನಲ್ಲರಿ."

ಮತ್ತೆ ಅಗೆತ. ಮೊಣಕಾಲುದ್ದ ಎರೆ ತೆಗೆದು, ಜಲ್ಲಿ ತುಂಬಿ, ನಡುವೆ ತೂತಿನ ಪೈಪು ಹಾಯಿಸಿ, ನೆಲವನ್ನು ರಸ್ತೆಯ ಚರಂಡಿಯ ಕಡೆ ಇಳಿಜಾರು ಮಾಡಿದರು. ಬದು ಒಡೆಯುವಾಗ ಭಾವನವರು ಹಿತ್ತಲಿಗೆ ಹೋಗಿ ನಿಂತರು, ನೋಡಲಾಗಲಿಲ್ಲವಂತೆ. ಹುಲ್ಲು ಮತ್ತೆ ಹಾಸಿದ್ದಾಯಿತು. ಅಕ್ಕ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ನಾನೂ ಬೇಡಿಕೊಂಡೆ, ಗದರಿಸಿದೆ. ಅಕ್ಕ ಗೋಡೆಯ ಕಡೆ ಹೊರಳಿ ಮಲಗಿದಳು. ಇನ್ನು ಇಷ್ಟೇ ಏನೋ ಎಂದು ನನಗೂ ಒಳಗೊಳಗೇ ಅನ್ನಿಸತೊಡಗಿತ್ತು.

ಒಂದು ಮಧ್ಯಾಹ್ನ ಜೋರು ಮಳೆ. ಕಿಟಕಿ ಹಾಕಲು ಎದ್ದವಳು ಹಾಗೇ ನಿಂತೆ. ಎಪ್ಪತ್ತೆಂಟರ ನಮ್ಮ ಭಾವನವರು ಅಕ್ಕನ ವಾಕರ್ ಹಿಡಿದು, ಬರಿಗಾಲಲ್ಲಿ, ಅಂಗಳದ ತುಂಬ ಕುಂಟುತ್ತಿದ್ದರು! ಮೂಲೆ ಮೂಲೆಗೆ ಹೋಗಿ, ಬೇಕೆಂದೇ ಕಾಲು ಜಾರಿಸಿ ನೋಡುತ್ತಿದ್ದರು. ತನ್ನ ಬಾಗಿಲಲ್ಲಿ ಛತ್ರಿ ಹಿಡಿದು ನಿಂತ ಪಕ್ಕದ ಮನೆಯಾಕೆ, ಇವರಿಗ್ಯಾವಾಗ ಆಪರೇಷನ್ ಆಯಿತೆಂದು ನನ್ನನ್ನು ಸನ್ನೆಯಲ್ಲಿ ಕೇಳಿದಳು. ನಾನು ನಗುತ್ತ ಅಕ್ಕನನ್ನು ಎಬ್ಬಿಸಿ ಕಿಟಕಿಗೆ ತಂದೆ.

ಅಕ್ಕ ನಗಲಿಲ್ಲ. ನೋಡುತ್ತ ನೋಡುತ್ತ ನನಗೂ ನಗು ನಿಂತಿತು. ಎಡಗಾಲನ್ನು ತುಸು ಎಳೆಯುವುದು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುವುದು, ತಿರುಗುವ ಮುನ್ನ ಕೆಳದುಟಿ ಕಚ್ಚುವುದು. ಒಂದೂ ತಪ್ಪಿಲ್ಲ. ದಿನವೆಲ್ಲ ಹುಲ್ಲು, ಪೈಪು ಎಂದು ಗದ್ದಲ ಹಾಕುವ ಈ ಮನುಷ್ಯ ಇಷ್ಟನ್ನೆಲ್ಲ ಯಾವಾಗ ನೋಡಿದರು?

"ನಾ ಹಿಂಗ ನಡೀತೀನೇನ?" ಅಂದಳು ಅಕ್ಕ, ಮೆಲ್ಲಗೆ.

ಹೌದೆಂದೆ.

ಅವಳು ಸೆರಗು ಸಿಕ್ಕಿಸಿಕೊಂಡು ನನ್ನ ಭುಜ ಹಿಡಿದಳು. ಎರಡು ಮೆಟ್ಟಿಲು ಇಳಿಯಲು ನಮಗೆಷ್ಟು ಹೊತ್ತು ಹಿಡಿಯಿತೋ! ಕಾಲ ಕೆಳಗೆ ಹುಲ್ಲು ಒದ್ದೆಯಾಗಿತ್ತು, ಆದರೆ ನೀರು ನಿಂತಿರಲಿಲ್ಲ, ನೆಲ ಅಲುಗಲಿಲ್ಲ.

"ಅದ್ ನಂದದ. ಕೊಡ್ರಿಲ್ಲಿ" ಎಂದು ಅಕ್ಕ ಕೈ ಚಾಚಿದಳು.

ಭಾವನವರು ವಾಕರ್ ಕೊಟ್ಟರು. ಆದರೆ ಕುಂಟುವುದನ್ನು ನಿಲ್ಲಿಸಲು ಮರೆತು, ಆ ಮಳೆಯಲ್ಲಿ ಅವಳ ಪಕ್ಕ ಹಾಗೆಯೇ, ಎಡಗಾಲು ತುಸು ಎಳೆಯುತ್ತ, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತ ಹೋದರು.