ಒಂದು ಎಲೆಯ ಹೊತ್ತು

ಬೇಸಿಗೆ ಬಂತೆಂದರೆ ನನ್ನ ತವರಿನಲ್ಲಿ ವಾರಕ್ಕೊಂದಾದರೂ ನಗುವ ಸಂಗತಿ ನಡೆಯುತ್ತಿತ್ತು. ನಡೆಸುವವನು ಅಪ್ಪ, ಕಾರಣ ಕುರಿ. ನರಗುಂದದಲ್ಲಿ ದಂಗೆ ಏಳುವುದಕ್ಕೆ ನಾಲ್ಕೈದು ವರ್ಷ ಮೊದಲಿನ ಮಾತು ಇದು. ಈಗ ನಾನಿರುವುದು ತುಂಗಭದ್ರೆ ದಾಟಿ, ಆದವಾನಿಗೂ ಆಚೆ. ಇಲ್ಲಿಯೂ ಕುರಿಗಳಿವೆ, ಬಿಸಿಲಂತೂ ಬೇಕಾದಷ್ಟಿದೆ. ಅಳೆಯುವವರು ಮಾತ್ರ ಇಲ್ಲ.

ಅಳತೆ

ರಾಜೂರಿನ ನಮ್ಮ ಹಟ್ಟಿಯಲ್ಲಿ ಕುರಿಗೆ ಎಷ್ಟು ಬಿಸಿಲು ತಾಗಿದೆ ಎಂಬುದನ್ನು ಅಪ್ಪ ಎಲೆ ಅಡಿಕೆಯಿಂದ ಅಳೆಯುತ್ತಿದ್ದ. ನಡುಹಗಲಲ್ಲಿ ಒಂದು ಕುರಿಯನ್ನು ಎದುರಿಗೆ ನಿಲ್ಲಿಸಿಕೊಂಡು, ಬಾಯಿಗೆ ಎಲೆ ಅಡಿಕೆ ಹಾಕಿ, ಅದರ ಪಕ್ಕೆ ಏರಿ ಇಳಿಯುವುದನ್ನು ಎಣಿಸುವನು. ಇಪ್ಪತ್ತು ಉಸಿರಿಗೆ ಒಂದು ಹರಳು ಪಕ್ಕಕ್ಕೆ. ಜಗಿದು ಉಗುಳಿದನೆಂದರೆ ಎಣಿಕೆ ಮುಗಿಯಿತು. ಹತ್ತು ಹರಳಿನೊಳಗೆ ಬಂದರೆ ಬಿಸಿಲು ತಡೆಯುವ ಕುರಿ, ಮೀರಿದರೆ ಬೇವಿನ ಗಿಡದ ನೆರಳಿಗೆ. ಅವನು ಉಗುಳುವ ತನಕ ಅಲ್ಲಿಂದ ಯಾರೂ ಕದಲುವಂತಿರಲಿಲ್ಲ.

ಒಮ್ಮೆ ಊರಗೌಡರೇ ಹಟ್ಟಿಗೆ ಬಂದು ಕರೆದರು. ಅಪ್ಪನ ಬಾಯಲ್ಲಿ ಎಲೆ. ನಿಲ್ಲಿ ಎಂದು ಕೈಮಾಡಿದ. ಗೌಡರು ಕುರಿಯ ಪಕ್ಕದಲ್ಲೇ ಬಿಸಿಲಿಗೆ ನಿಂತರು. ಉಗುಳಿದ ಮೇಲೆ ಅಪ್ಪ ಹೇಳಿದ:

"ಕುರಿ ಒಂಬತ್ತು ಹರಳ್ರಿ, ಗೌಡ್ರ. ನೀವು ಹದಿಮೂರ. ನೆರಳಿಗೆ ಬರ್ರಿ."

ಹಲ್ಲು

ಮರುವರ್ಷ ಅಪ್ಪನ ದವಡೆಹಲ್ಲು ಎರಡು ಬಿದ್ದವು. ಜಗಿಯುವುದಕ್ಕೆ ಹಿಡಿಯುವ ಹೊತ್ತು ಎರಡರಷ್ಟಾಯಿತು. ಯಾವ ಕುರಿಯನ್ನು ನಿಲ್ಲಿಸಿದರೂ ಹದಿನೈದು ಹರಳು, ಹದಿನೆಂಟು ಹರಳು. ಅಪ್ಪ ಗಾಬರಿಬಿದ್ದು ಇಡೀ ಹಿಂಡನ್ನು ಒಂದೇ ಬೇವಿನ ಗಿಡದ ಕೆಳಗೆ ತುರುಕಿದ. ಮೂರು ದಿನ ಮೇವಿಗೆ ಬಿಡಲಿಲ್ಲ. ಹಸಿದ ಕುರಿಗಳ ಕೂಗಿಗೆ ಊರಿಗೆ ನಿದ್ದೆಯಿಲ್ಲ. ಕೊನೆಗೆ ಅವ್ವ ಬಂದು, ಕುರಿಗೇನೂ ಆಗಿಲ್ಲ, ನಿಮ್ಮ ಬಾಯಿ ತೋರಿಸಿ ಎಂದಳು. ನೋಡಿ, ತಲೆಗೆ ಕೈ ಹಚ್ಚಿಕೊಂಡಳು.

"ಇನ್ನೆರಡು ಹಲ್ಲು ಬಿದ್ರ ನಮ್ಮ ಕುರಿ ಉಳಿಯೂದಿಲ್ರಿ."

ಅಂದಿನಿಂದ ಅಡಿಕೆ ಕುಟ್ಟಿ ಕೊಡುವ ಕೆಲಸ ನನ್ನದಾಯಿತು.

ಟಗರಿನ ಕಂಬಳಿ

ಗಜೇಂದ್ರಗಡದ ಸಂತೆಯಲ್ಲಿ ನರಗುಂದದ ವ್ಯಾಪಾರಿಯೊಬ್ಬ ನಮ್ಮ ಏಳು ಹರಳಿನ ಟಗರನ್ನು ಕೊಂಡ. ಹದಿನೈದು ದಿನಕ್ಕೆ ಮರಳಿ ಬಂದು ಜಗಳ ತೆಗೆದ. ಟಗರು ನಾಲಿಗೆ ಹೊರಗೆ ಹಾಕಿ ತೇಕುತ್ತದೆಯಂತೆ, ಅವನ ಬಚ್ಚಲಿನಲ್ಲಿ ಮಲಗಿ ಏಳುವುದಿಲ್ಲವಂತೆ, ಮನೆಯವರೆಲ್ಲ ಸ್ನಾನಕ್ಕೆ ಬಾವಿಗೆ ಹೋಗುತ್ತಿದ್ದಾರಂತೆ. ಅಪ್ಪ ಕೇಳಿ ಕೇಳಿ ವಿಷಯ ಹೊರಗೆ ಬಂತು. ಪಾಪ, ಸೆಕೆಯಾಗುತ್ತದೆಂದು ಉರಿಬಿಸಿಲಿನಲ್ಲಿ ಅದರ ಉಣ್ಣೆಯನ್ನೆಲ್ಲ ಚರ್ಮ ಕಾಣುವ ಹಾಗೆ ಕತ್ತರಿಸಿದ್ದ. ಉಣ್ಣೆಯೇ ಅದರ ನೆರಳು ಎಂದು ಅಪ್ಪ ತಿಳಿಸಿ ಹೇಳಿದ.

"ಮತ್ತ ಈಗೇನ ಮಾಡ್ಲಿ?"

"ಕಂಬಳಿ ಹೊದಸ್ರಿ."

ಮುಂದಿನ ಸಂತೆಗೆ ಟಗರು ತನ್ನದೇ ಉಣ್ಣೆಯ ಕಂಬಳಿ ಹೊದ್ದು ಬಂತು. ಯಾರೋ ಹಿರಿಯರೆಂದು ಜನ ದಾರಿ ಬಿಟ್ಟರು.

ಕರಿಗಿವಿ

ಆದವಾನಿ ಕಡೆಯಿಂದ ಕುರಿ ಮೇಯಿಸುತ್ತ ಬಂದಿದ್ದವರ ಮನೆಗೆ ನನ್ನನ್ನು ಕೊಡುವುದಾಯಿತು. ಮಗಳ ಸಂಗಡ ಐದು ಕುರಿ ಕಳಿಸುವುದು ನಮ್ಮ ಪದ್ಧತಿ. ಅಲ್ಲಿಯ ಬಿಸಿಲು ಕೆಟ್ಟದ್ದು, ಹತ್ತು ಹರಳಿನೊಳಗಿನವು ಮಾತ್ರ ಹೋಗಲಿ ಎಂದ ಅಪ್ಪ. ನನಗೆ ಬೇಕಾಗಿದ್ದದ್ದು ಒಂದೇ ಒಂದು: ತಾಯಿ ಸತ್ತ ಮರಿಯನ್ನು ನಾನೇ ಹಾಲು ಕುಡಿಸಿ ಬೆಳೆಸಿದ್ದೆ, ಆ ಕರಿಗಿವಿ. ಅದು ಹನ್ನೆರಡು ಹರಳಿನ ಕುರಿ. ಪರವೂರಿನಲ್ಲಿ ನನ್ನ ದನಿ ಗುರುತು ಹಿಡಿಯುವ ಜೀವ ಒಂದಾದರೂ ಬೇಡವೇ?

ಅದರ ಸರದಿಯ ದಿನ, ಹಿಂದಿನ ಸಂಜೆಯೇ ನೆನೆಹಾಕಿದ ಅಡಿಕೆಯನ್ನು ಹಿಟ್ಟಿನ ಹಾಗೆ ಕುಟ್ಟಿ, ಎಳೆ ಎಲೆಯಲ್ಲಿ ಮಡಚಿ ಕೊಟ್ಟೆ. ಬಾಯಿಗೆ ಹಾಕುತ್ತಲೇ ಕರಗಿತು. ಅಪ್ಪ ನನ್ನ ಮುಖ ನೋಡಿದ. ಉಗುಳಿದ.

"ಆರ ಹರಳ. ಇಷ್ಟು ವರ್ಷದಾಗ ಇಂಥಾ ಕುರಿ ನೋಡಿಲ್ಲ."

ಆಮೇಲೆ ಅವ್ವನಿಗೆ ಕೇಳಿಸದಂತೆ ಸಣ್ಣಗೆ ಸೇರಿಸಿದ: "ಅಲ್ಲಿ ದಿನಾ ನೆರಳಿಗೆ ಕಟ್ಟಬೇ, ಯವ್ವಾ."

ಹೊರಡುವ ದಿನ

ಬಂಡಿ ಕಟ್ಟಿದ್ದಾಯಿತು, ಹಿಂದೆ ಕರಿಗಿವಿ. ನಾನು ಅಪ್ಪನ ಮುಂದೆ ನಿಂತು ಬಿಕ್ಕುತ್ತಿದ್ದೆ. ಕುಟ್ಟದ ಇಡೀ ಅಡಿಕೆಯನ್ನು ಅವನು ಎಲೆಯಲ್ಲಿಟ್ಟು ಬಾಯಿಗೆ ಹಾಕಿ, ನನ್ನೆದುರು ಕುಳಿತು, ನನ್ನ ಉಸಿರಿಗೆ ಹರಳು ಸರಿಸತೊಡಗಿದ. ಹತ್ತಾದವು, ಇಪ್ಪತ್ತಾದವು. ಬಾಯಿ ಮಾತ್ರ ಜಗಿಯುತ್ತಿರಲಿಲ್ಲ. ಬಿಸಿಲೇರಿತು ಎಂದು, ಕರೆದೊಯ್ಯಲು ಬಂದಿದ್ದ ನನ್ನ ಅತ್ತೆ ಅವಸರ ಮಾಡಿದಳು. ಅವರು ಉಗುಳುವ ತನಕ ಯಾರೂ ಕದಲುವಂತಿಲ್ಲ ಎಂದಳು ಅವ್ವ.

"ಯಾವಾಗ ಉಗುಳತಾರ್ರಿ?"

"ಹಲ್ಲಿಲ್ರಿ ಅವರಿಗೆ."

ಎತ್ತುಗಳನ್ನು ನೊಗದಿಂದ ಬಿಚ್ಚಿ ಮೇವು ಹಾಕಿದರು. ಮತ್ತೆ ಕಟ್ಟಿದರು. ಹರಳು ಮುಗಿದವು. ಅಪ್ಪ ಅವನ್ನೇ ಕೂಡಿಸಿಕೊಂಡು ಮೊದಲಿನಿಂದ ಶುರುಮಾಡಿದ. ಕೊನೆಗೆ ಅತ್ತೆಯೇ ನನ್ನ ಕೈಹಿಡಿದು ಬಂಡಿ ಹತ್ತಿಸಿದಳು. ಊರ ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಕೆನ್ನೆ ಹಾಗೆಯೇ ಉಬ್ಬಿತ್ತು, ಕೈಯಲ್ಲಿ ಹರಳಿತ್ತು.

ಕರಿಗಿವಿ ಇಲ್ಲಿ ಹತ್ತು ಬೇಸಿಗೆ ನೆರಳಿನಲ್ಲೇ ಬಾಳಿತು. ಅಪ್ಪನನ್ನು ನಾನು ಮತ್ತೆ ನೋಡಲಿಲ್ಲ. ರಾಜೂರು ಬಿಟ್ಟು ಎಷ್ಟು ವರ್ಷವಾಯಿತು ಎಂದು ಮೊಮ್ಮಕ್ಕಳು ಕೇಳುತ್ತಾರೆ. ಬಿಟ್ಟಿದ್ದು ಎಲ್ಲಿ ಬಂತು ಎನ್ನುತ್ತೇನೆ. ಅಪ್ಪ ಇನ್ನೂ ಉಗುಳಿಲ್ಲ.